ಕಟೌಟಿಗೆ ಕ್ಷೀರಾಭಿಷೇಕ

ಇವತ್ತು ಬೆಳಿಗ್ಗೆ ನಮ್ಮ ಬೀದಿಯ ಅಂಗಡಿಯಲ್ಲಿ ಹಾಲು ಖಾಲಿ. ಯಾವನೋ ಹೀರೋ ಹುಟ್ಟುಹಬ್ಬವಂತೆ. ಕ್ರೇಟುಗಟ್ಟಲೆ ಹಾಲು ಪ್ಲೈವುಡ್ ಕಟೌಟಿನ ತಲೆ ಮೇಲೆ ಹೋಗಿದೆ. ಪ್ಲೈವುಡ್ಡಿಗೆ ಕ್ಯಾಲ್ಸಿಯಂ ಕೊರತೆ ಇತ್ತೇನೋ! ಆ ಹಾಲು, ಹೂವು, ಪಟಾಕಿ ಕಸವನ್ನೆಲ್ಲ ಗುಡಿಸಿದ್ದು ಯಾರು? ಕೈಗೆ ಗ್ಲೌಸ್ ಕೂಡ ಇಲ್ಲದ ಪೌರಕಾರ್ಮಿಕ ಅಮ್ಮ. ಅವರ ಹುಟ್ಟುಹಬ್ಬ ಯಾವತ್ತು ಅಂತ ಯಾರಿಗಾದರೂ ಗೊತ್ತಾ?

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ, ಆ ಚಳಿಯಲ್ಲಿ, ಹಗಲು ರಾತ್ರಿ ಕೂತಿದ್ದರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ ಗೌರವಧನ. ಕೊರೊನಾ ಕಾಲದಲ್ಲಿ ಮನೆಮನೆ ಸುತ್ತಿದವರು ಇವರೇ ಅಲ್ವಾ? ಆಗ ತಟ್ಟೆ ಬಾರಿಸಿದ ಕೈಗಳು ಆಮೇಲೆ ಎಲ್ಲಿ ಹೋದವು? ಓಹೋ, ಫಸ್ಟ್ ಡೇ ಫಸ್ಟ್ ಶೋ ಟಿಕೆಟ್ ಬುಕ್ ಮಾಡೋದರಲ್ಲಿ ಬ್ಯುಸಿ.

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸಲು ಹೋಗಿ, ಕರೆಂಟ್ ಹೊಡೆದು ಮೂವರು ಯುವಕರು ಸತ್ತರು. ಆದರೂ ಕಟೌಟ್ ವರ್ಷ ವರ್ಷ ಎತ್ತರ ಆಗುತ್ತಲೇ ಇದೆ. ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್‌ಗೆ ಮಾತ್ರ ನಮ್ಮ ಹತ್ತಿರ ಇರುವುದು ಒಂದೇ ಡೈಲಾಗ್: "ಕರೆಂಟ್ ಯಾವಾಗ ಬರತ್ತೆ ಗುರೂ?"