ಕಣ್ಣ ಕೆಳಗಿನ ಕಪ್ಪು ಕೊಳೆಯಲ್ಲ

ಕಳೆದ ತಿಂಗಳು ಮುಂಬಯಿಯ ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ಮುಗಿದು ಎಲ್ಲರೂ ಕಾಫಿ ಕುಡಿಯುತ್ತ ನಿಂತಿದ್ದಾಗ, ಪರಿಚಯದ ಹುಡುಗಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು ಪರ್ಸಿನಿಂದ ಒಂದು ಟ್ಯೂಬು ತೆಗೆದಳು. “ಅಕ್ಕಾ, ಕಣ್ಣ ಕೆಳಗಿನ ಕಪ್ಪಿಗೆ ಇದು ಒಳ್ಳೆಯದಂತೆ. ಹಚ್ಚಲಾ?” ಮಳೆಗಾಲ ಕಳೆದ ಮೇಲೆ ಅವಳ ಮದುವೆ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್: ಇವೇ ಮೂರು ಔಷಧಿಗಳಿದ್ದ ಮುಲಾಮನ್ನು ಆರು ವರ್ಷಗಳ ಹಿಂದೆ ನಾನೂ ಕಣ್ಣ ಕೆಳಗೆ ಹಚ್ಚಿಕೊಂಡಿದ್ದೆ. ಆ ಗದ್ದಲದಲ್ಲಿ ಅವಳಿಗೆ ಪೂರ್ತಿಯಾಗಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ದಿನವೂ ಡೊಂಬಿವಿಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಫೋರ್ಟಿನ ಕಚೇರಿಗೆ ಹೋಗಿಬರುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಜೊತೆಗೆ ಬರುವವರು “ನಿದ್ದೆ ಇಲ್ಲವಾ? ಹುಷಾರಿಲ್ಲವಾ?” ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಅದನ್ನು ಕೇಳಿ ಕೇಳಿ ಸಾಕಾಗಿ, ಸ್ಟೇಷನ್ನಿನ ಹತ್ತಿರದ ಮೆಡಿಕಲ್ ಅಂಗಡಿಯಲ್ಲಿ ಏನಾದರೂ ಕೊಡಿ ಎಂದೆ. ಚೀಟಿ ಕೇಳದೆ ಕೊಟ್ಟರು. ಮೊದಲ ಎರಡು ವಾರ ಚರ್ಮ ನಿಜವಾಗಿಯೂ ತಿಳಿಯಾಯಿತು, ಮತ್ತು ಈ ಮುಲಾಮಿನ ಮೋಸವಿರುವುದು ಅಲ್ಲಿಯೇ. ಎರಡನೆಯ ತಿಂಗಳಲ್ಲಿ ಕಣ್ಣ ಕೆಳಗಿನ ಚರ್ಮ ಈರುಳ್ಳಿಯ ಒಳಪೊರೆಯಂತೆ ತೆಳ್ಳಗಾಗಿ ಹೊಳೆಯತೊಡಗಿತು. ಕೂದಲೆಳೆಯಂಥ ಕೆಂಪು ನರಗಳು ಎದ್ದು ಕಂಡವು. ಬೆವರು ತಾಗಿದರೆ ಮೆಣಸಿನಪುಡಿ ಬಿದ್ದಂತೆ ಉರಿಯುತ್ತಿತ್ತು. ಹೆದರಿ ನಿಲ್ಲಿಸಿದರೆ ಕೆಂಪು ಇನ್ನೂ ಹೆಚ್ಚಾಯಿತು, ಮತ್ತೆ ಹಚ್ಚಿದರೆ ಇಳಿಯಿತು. ಹೀಗೆ ಆ ಟ್ಯೂಬಿಗೆ ನಾನು ಕಟ್ಟುಬಿದ್ದೆ.

ಕೊನೆಗೆ ಹೋದ ಚರ್ಮದ ಡಾಕ್ಟರು ಮೊದಲು ನನ್ನನ್ನು ಕಿಟಕಿಯ ಪಕ್ಕ ಕೂರಿಸಿದರು. ಕಣ್ಣ ಕೆಳಗಿನ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಹಿಗ್ಗಿಸಿ ನೋಡಿದರು, ಗದ್ದವನ್ನು ಬೆಳಕಿನ ಕಡೆಗೆ ಎತ್ತಿಸಿ ಮತ್ತೆ ನೋಡಿದರು. ಬೆಳಕು ಬದಲಾದಾಗ ಮಾಯವಾಗುವ ಕಪ್ಪು ನೆರಳು ಮಾತ್ರ, ಅಂದರೆ ಕಣ್ಣ ಕೆಳಗಿನ ಗುಳಿಯದ್ದು; ನೀಲಿ ಛಾಯೆಯಿದ್ದರೆ ಅದು ತೆಳು ಚರ್ಮದಡಿಯ ರಕ್ತನಾಳಗಳದ್ದು; ಕಂದಾಗಿದ್ದು ಹಿಗ್ಗಿಸಿದರೂ ಹಾಗೆಯೇ ಉಳಿದರೆ ಅದು ಚರ್ಮದ ವರ್ಣದ್ರವ್ಯ. ಅನೇಕರಲ್ಲಿ ಇವು ಬೆರೆತಿರುತ್ತವೆ. ನೆರಳನ್ನು ಯಾವ ಮುಲಾಮು ತೆಗೆದೀತು? ರೆಪ್ಪೆಯ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಇಡೀ ಮೈಯಲ್ಲೇ ಅತಿ ತೆಳು; ಅದರಡಿಯಲ್ಲಿ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಹಚ್ಚಿದ್ದು ಅಲ್ಲಿ ಬೇರೆಡೆಗಿಂತ ಬೇಗ ಒಳಗಿಳಿಯುತ್ತದೆ.

ಮೊಮೆಟಾಸೋನ್ ಒಂದು ಸ್ಟಿರಾಯ್ಡ್. ಕಣ್ಣಿನ ಹತ್ತಿರ ಬಹುಕಾಲ ಹಚ್ಚಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಗ್ಲಾಕೋಮಾ ಬರಬಹುದು, ಪೊರೆಯೂ ಬೆಳೆಯಬಹುದು. ಈ ಮಾತು ಕೇಳಿದ ದಿನ ನಾನು ಊಟ ಮಾಡಲಿಲ್ಲ. ಕಣ್ಣಿನ ಡಾಕ್ಟರು ಒತ್ತಡ ಅಳೆದು 17 ಎಂದರು, 21ರವರೆಗೆ ಸರಿ ಎಂದು ತಿಳಿಸಿದಾಗಲೇ ಉಸಿರು ಬಂದದ್ದು. ಚರ್ಮ ಮೊದಲಿನಂತಾಗಲು ಏಳು ತಿಂಗಳು ಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಸ್ಟಿರಾಯ್ಡ್‌ಗಳನ್ನು ಷೆಡ್ಯೂಲ್ ಎಚ್ ಎಂಬ ಔಷಧಿ ಪಟ್ಟಿಗೆ ಸೇರಿಸಿ ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದಿತು. ಇಂಥ ಔಷಧಿಗಳ ಮೇಲೆ Rx ಎಂಬ ಗುರುತು ಇರುತ್ತದೆ; ಅದು ಕಂಡರೆ ದಯವಿಟ್ಟು ಅಲ್ಲಿಯೇ ನಿಲ್ಲಿ.

ನನ್ನ ಕಪ್ಪಿನ ಮೂಲ ಎರಡು. ಒಂದು ಮನೆತನದ್ದು. “ನಮ್ಮ ಮನೆಯ ಹೆಂಗಸರ ಕಣ್ಣೇ ಹಾಗೆ ಮಗಾ” ಎಂದು ಉಡುಪಿಯಿಂದ ಅಮ್ಮ ಫೋನಿನಲ್ಲಿ ಹೇಳಿದಾಗ ಅಜ್ಜಿಯ ಹಳೆಯ ಫೋಟೋ ತೆಗೆದು ನೋಡಿದೆ. ಅವರ ಕಣ್ಣ ಸುತ್ತಲೂ ಅದೇ ಛಾಯೆ, ಆ ಮುಖ ಎಷ್ಟು ಚೆಂದ! ಎರಡನೆಯದು ನನ್ನ ಕೈ. ಧೂಳಿನ ಅಲರ್ಜಿಯಿಂದ ಕಣ್ಣು ತುರಿಸುತ್ತಿತ್ತು; ಕುರ್ಲಾದಿಂದ ಥಾಣೆಯವರೆಗೆ ನಿಂತಲ್ಲೇ ಎಷ್ಟು ಬಾರಿ ಉಜ್ಜುತ್ತಿದ್ದೆನೋ. ಉಜ್ಜಿದಷ್ಟೂ ಆ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಣ್ಣ ಕಟ್ಟುತ್ತದೆ. ಅಲರ್ಜಿಗೆ ಔಷಧಿ ಮಾಡಿ ಕೈಯನ್ನು ಕಟ್ಟಿಹಾಕಿದ ಮೇಲೆಯೇ ಕಂದು ಬಣ್ಣ ಅರ್ಧದಷ್ಟು ಇಳಿದದ್ದು.

ಈಗ ನಾನು ಮಾಡುವುದು ಬಹಳ ಕಡಿಮೆ. ತುರಿಕೆ ಬಂದರೆ ತಣ್ಣೀರಿನ ಬಟ್ಟೆ ಇಡುತ್ತೇನೆ. ಬಿಸಿಲಿಗೆ ಅಗಲವಾದ ತಂಪು ಕನ್ನಡಕ, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್. ಅದು ಬೆವರಿನೊಂದಿಗೆ ಕಣ್ಣಿಗಿಳಿದರೂ ಉರಿ ಕಡಿಮೆ. ರಾತ್ರಿ ಕಾಡಿಗೆಯನ್ನು ಸಾಬೂನಿನಿಂದ ತಿಕ್ಕದೆ, ಹತ್ತಿಗೆ ಒಂದು ಹನಿ ತೆಂಗಿನೆಣ್ಣೆ ಹಾಕಿ ಮುಚ್ಚಿದ ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು ಒರೆಸುತ್ತೇನೆ. ಕಣ್ಣಿಗೆ ಹಚ್ಚುವ ಸುರ್ಮಾ ಪುಡಿಯಲ್ಲಿ ಸೀಸವಿರುವ ಅದಿರನ್ನು ಅರೆದು ಹಾಕಿರುವ ಸಾಧ್ಯತೆಯಿರುವುದರಿಂದ, ಮಕ್ಕಳ ಕಣ್ಣಿಗಂತೂ ಅದನ್ನು ಹಚ್ಚಲೇಬಾರದು. ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟುಗಳನ್ನು ಆ ಜಾಗಕ್ಕೆ ಹಚ್ಚಲು ಹೇಳುವ ವಿಡಿಯೋಗಳನ್ನು ಕಂಡಾಗ ಸಿಟ್ಟು ಬರುತ್ತದೆ. ಇನ್ನೊಂದು ಮಾತು: ರೆಪ್ಪೆ ಮಾತ್ರ ಕೆಂಪಾಗಿ ಸಿಪ್ಪೆ ಎದ್ದರೆ ಉಗುರಿನ ಬಣ್ಣವನ್ನೂ ತಲೆಯ ಡೈಯನ್ನೂ ಅನುಮಾನಿಸಿ; ಬೆರಳಿಗೆ ಏನೂ ಆಗದೆ, ಆ ಬೆರಳು ಮುಟ್ಟಿದ ರೆಪ್ಪೆಗೆ ಮಾತ್ರ ಅಲರ್ಜಿಯಾಗುವುದುಂಟು. ಬೆಳಗಿನ ಊತ ದಿನವಿಡೀ ಇಳಿಯದಿದ್ದರೆ ಮೂತ್ರಪಿಂಡ, ಥೈರಾಯ್ಡ್‌ಗಳನ್ನು ಪರೀಕ್ಷಿಸಬೇಕು, ಸೌತೆಕಾಯಿ ಹೋಳು ಇಟ್ಟು ಕಾಯಬಾರದು.

ಆ ಹುಡುಗಿಯನ್ನು ಮರುವಾರವೇ ಡಾಕ್ಟರ ಬಳಿ ಕರೆದೊಯ್ದೆ. ಅವರು ಕಣ್ಣ ಕೆಳರೆಪ್ಪೆಯನ್ನು ಎಳೆದು ಒಳಭಾಗ ನೋಡಿ, ಮುಲಾಮಿನ ಸುದ್ದಿಯೇ ಎತ್ತದೆ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಹೆಂಗಸರಿಗೆ 12 ಇರಬೇಕಾದ ಹಿಮೋಗ್ಲೋಬಿನ್ ಅವಳಿಗೆ 8.9 ಇತ್ತು. ಮುಖ ಬಿಳಿಚಿಕೊಂಡಿದ್ದರಿಂದಲೇ ಕಣ್ಣ ಕೆಳಗಿನ ಛಾಯೆ ಅಷ್ಟು ಎದ್ದು ಕಾಣುತ್ತಿತ್ತು. ಕಬ್ಬಿಣದ ಮಾತ್ರೆ ಶುರುವಾಗಿದೆ. ಟ್ಯೂಬು ನನ್ನ ಬಳಿಯೇ ಇದೆ.