ಹೆಸರು ಲೇಲ್ಯಾಂಡ್, ಬಾಡಿ ನಮ್ಮೂರಿನದು

ಹೊಸೂರು ಕಡೆಯಿಂದ ಬೆಂಗಳೂರಿಗೆ, ಬಾಡಿ ಇಲ್ಲದ ಬರೀ ಬಸ್ ಚಾಸಿ ಓಡಿಸಿಕೊಂಡು ಬರುವ ಡ್ರೈವರುಗಳನ್ನು ನೋಡಿದ್ದೀರಾ? ತಲೆ ಮೇಲೆ ಸೂರಿಲ್ಲ, ಎದುರಿಗೆ ಗಾಜಿಲ್ಲ. ಒಂದು ಸೀಟು, ಸ್ಟೀರಿಂಗು, ಪಕ್ಕದಲ್ಲೇ ಅಬ್ಬರಿಸುವ ಇಂಜಿನ್ನು. ಮುಖಕ್ಕೆ ಟವೆಲ್ ಸುತ್ತಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಬರುತ್ತಾರೆ. ಚಿಕ್ಕವನಾಗಿದ್ದಾಗ ನಾನು ರಸ್ತೆ ಬದಿ ನಿಂತು ಅವರಿಗೆ ಕೈ ಬೀಸುತ್ತಿದ್ದೆ. ಅಪ್ಪನಿಗೆ ಮಾತ್ರ ಆ ಚಾಸಿ ಅಂದ್ರೆ ಕೆಲಸ. ಅವರು ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿ ಟಿಂಕರ್ ಆಗಿದ್ದರು.

ಆ ಚಾಸಿ ಮಾಡುವ ಅಶೋಕ್ ಲೇಲ್ಯಾಂಡ್ ಕಂಪನಿಯ ಕತೆ ನನಗೆ ತುಂಬಾ ಇಷ್ಟ. 1948ರ ಸೆಪ್ಟೆಂಬರ್‌ನಲ್ಲಿ ರಘುನಂದನ್ ಸರಣ್ ಮದ್ರಾಸಿನಲ್ಲಿ ಅಶೋಕ್ ಮೋಟಾರ್ಸ್ ಶುರು ಮಾಡಿದರು. ಸ್ವಾತಂತ್ರ್ಯ ಹೋರಾಟದಲ್ಲಿದ್ದವರು. ಅಶೋಕ್ ಅನ್ನೋದು ಅವರ ಮಗನ ಹೆಸರು. ಮದ್ರಾಸಿನ ಪಕ್ಕದ ಎಣ್ಣೂರಿನ ಕಾರ್ಖಾನೆಯಲ್ಲಿ ಮೊದಲು ಜೋಡಿಸಿದ್ದು ಆಸ್ಟಿನ್ ಕಾರುಗಳನ್ನು, ಬಸ್ಸನ್ನಲ್ಲ! ಆಮೇಲೆ ಇಂಗ್ಲೆಂಡಿನ ಲೇಲ್ಯಾಂಡ್ ಕಂಪನಿ ಜೊತೆ ಒಪ್ಪಂದವಾಗಿ ಕಾಮೆಟ್ ಅನ್ನೋ ಚಾಸಿ ಬಂತು. 1955ರಲ್ಲಿ ಕಂಪನಿಯ ಹೆಸರೂ ಅಶೋಕ್ ಲೇಲ್ಯಾಂಡ್ ಅಂತ ಬದಲಾಯಿತು. ನಮ್ಮ ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಗಿದ್ದೂ ಅದೇ 1948ರ ಸೆಪ್ಟೆಂಬರ್‌ನಲ್ಲೇ. ಈಗಿನ ಕೆಎಸ್‌ಆರ್‌ಟಿಸಿಯ ಮೂಲ ಅದು.

ಲೇಲ್ಯಾಂಡ್ ಅನ್ನೋದು ಲ್ಯಾಂಕಷೈರ್‌ನ ಒಂದು ಸಣ್ಣ ಊರು. 1896ರಲ್ಲಿ ಅಲ್ಲಿ ಉಗಿ ಗಾಡಿ ಮಾಡಲು ಹೊರಟವರ ಕಂಪನಿ ಬೆಳೆದು, ಬ್ರಿಟಿಷ್ ಲೇಲ್ಯಾಂಡ್ ಆಗಿ, 1975ರಲ್ಲಿ ಸರ್ಕಾರದ ಕೈಗೆ ಹೋಯಿತು. ಆಮೇಲೆ ಚೂರುಚೂರಾಗಿ ಬೇರೆಯವರ ಪಾಲಾಯಿತು. ಬಸ್ ವಿಭಾಗವನ್ನು 1988ರಲ್ಲಿ ವೋಲ್ವೋ ಕೊಂಡಿತು. ನಮ್ಮ ಅಶೋಕ್ ಲೇಲ್ಯಾಂಡ್‌ನಲ್ಲಿ ಅದಕ್ಕಿದ್ದ ಪಾಲನ್ನು ಅದಕ್ಕೂ ಒಂದು ವರ್ಷ ಮುಂಚೆ ಹಿಂದುಜಾ ಗುಂಪು ಮತ್ತು ಇಟಲಿಯ ಇವೆಕೋ ಕಂಪನಿ ಸೇರಿ ತಗೊಂಡಿದ್ದರು. ಅಲ್ಲಿ ಮುರಿದುಬಿದ್ದ ಮನೆತನದ ಹೆಸರು ಇವತ್ತಿಗೂ ನಮ್ಮ ಹಳ್ಳಿ ರಸ್ತೆಗಳಲ್ಲಿ ಓಡುತ್ತಿದೆ.

ಆದರೆ ಈ ಕತೆಯಲ್ಲಿ ಅರ್ಧ ಬಸ್ಸು ಬಿಟ್ಟೇ ಹೋಗುತ್ತದೆ. ಅದೇ ನನ್ನ ತಕರಾರು. ಎಷ್ಟೋ ವರ್ಷ ಕಾರ್ಖಾನೆಯಿಂದ ಬರುತ್ತಿದ್ದದ್ದು ಇಂಜಿನ್ನು, ಗೇರ್‌ಬಾಕ್ಸು, ಆಕ್ಸೆಲ್ಲು, ಚಕ್ರ ಅಷ್ಟೇ. ನಾವು ಕೂರುವ ಸೀಟು, ಹಿಡಿಯುವ ಕಂಬಿ, ಹಿಂದಿನ ಏಣಿ, ಟಾಪು, ಮಳೆ ಬಂದಾಗ ಇಳಿಸುವ ಕಿಟಕಿ, ಎಲ್ಲಾ ಇಲ್ಲಿನ ಕೈಗಳದ್ದು. ಕೆಂಗೇರಿ, ಹಾಸನ, ಹುಬ್ಬಳ್ಳಿಯ ಸಾರಿಗೆ ವರ್ಕ್‌ಶಾಪುಗಳಲ್ಲಿ ಕಟ್ಟಿದ ಕೆಂಪು ಬಸ್ಸುಗಳಿಗೆ ಲೆಕ್ಕವಿಲ್ಲ. ಖಾಸಗಿ ಶೆಡ್ಡುಗಳು ಬೇರೆ. ಅಲ್ಯೂಮಿನಿಯಂ ಶೀಟನ್ನು ಬಗ್ಗಿಸಿ, ತೂತು ಹೊಡೆದು, ಸಾಲಾಗಿ ರಿವೆಟ್ ಬಡಿಯುತ್ತಿದ್ದರು. ಒಳಗೊಬ್ಬ ಕಬ್ಬಿಣ ಒತ್ತಿ ಹಿಡಿದರೆ ಹೊರಗೊಬ್ಬ ಹೊಡೆಯಬೇಕು. ಮಾತು ಕೇಳಿಸುವುದಿಲ್ಲ, ಏಟಿನ ಲಯದಲ್ಲೇ ಇಬ್ಬರಿಗೂ ಗೊತ್ತಾಗಬೇಕು. ಅಪ್ಪನ ಎಡಗಿವಿ ಈಗ ಜಾಸ್ತಿ ಕೇಳಿಸುವುದಿಲ್ಲ.

ಆ ಲೇಲ್ಯಾಂಡ್ ಊರಿನಲ್ಲಿ ಹಳೇ ಲಾರಿ, ಬಸ್ಸುಗಳಿಗೇ ಒಂದು ಮ್ಯೂಸಿಯಂ ಇದೆ. ನಮ್ಮಲ್ಲಿ ಹಳೇ ಬಸ್ಸು ಅಂದ್ರೆ ಗುಜರಿ. ಕೈಯಿಂದ ಕಟ್ಟಿದ ಒಂದು ಕೆಂಪು ಬಸ್ಸನ್ನಾದರೂ ಒಳ್ಳೆ ಕಡೆ ನಿಲ್ಲಿಸಿ, ಪಕ್ಕದಲ್ಲಿ ಕಟ್ಟಿದವರ ಹೆಸರು ಬರೆಸಬೇಕು. ಟಿಂಕರ್, ಬಡಗಿ, ಪೇಂಟರ್, ಸೀಟು ಹೊಲಿದವರು, ಎಲ್ಲರದ್ದೂ.

ಅಪ್ಪ ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಹಳೇ ಬಸ್ಸು ಸಿಕ್ಕರೆ ಬೋರ್ಡಿಗಿಂತ ಮೊದಲು ರಿವೆಟ್ ಸಾಲು ನೋಡುತ್ತಾರೆ. ನೆಟ್ಟಗಿದ್ದರೆ ಅಂಗೈಯಿಂದ ಒಂದು ಸಲ ತಟ್ಟಿ, ಆಮೇಲೆ ಹತ್ತುತ್ತಾರೆ.