ಹತ್ತನೆಯವನು

ಹತ್ತು ತಿಂಗಳು ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಟೊರೊಂಟೊದ ಯಹೂದಿ ವಿದ್ಯಾರ್ಥಿ, ಮುಂಬಯಿ ಬಿಡುವ ಹಿಂದಿನ ರಾತ್ರಿ ಹೇಳಿದ ಮಾತು ಇನ್ನೂ ನನ್ನ ತಲೆಯಲ್ಲಿದೆ: "ಇಲ್ಲಿ ನಾನು ಮಾಡಿದ್ದರಲ್ಲಿ ನಿಜಕ್ಕೂ ಬೇಕಾಗಿದ್ದದ್ದು, ಬೆಳಿಗ್ಗೆ ಎದ್ದು ಹೋಗಿ ಸುಮ್ಮನೆ ಕೂತದ್ದು." ಅವನು ಬಂದದ್ದು ಬೆನೆ ಇಸ್ರೇಲ್ ಎಂಬ, ಮರಾಠಿ ಮಾತಾಡುವ ಇಲ್ಲಿನ ಯಹೂದಿ ಸಮುದಾಯದ ಮಕ್ಕಳಿಗೆ ಇಂಗ್ಲಿಷ್, ಹೀಬ್ರೂ ಕಲಿಸುವ ಸ್ವಯಂಸೇವಕನಾಗಿ.

ಯಹೂದಿಗಳ ಸಾಂಪ್ರದಾಯಿಕ ಪದ್ಧತಿಯಲ್ಲಿ ಕೆಲವು ಪ್ರಾರ್ಥನೆಗಳನ್ನು ಹೇಳಲು ಹದಿಮೂರು ದಾಟಿದ ಹತ್ತು ಗಂಡಸರಾದರೂ ಸೇರಿರಬೇಕು. ಇದಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಂಬತ್ತು ಜನ ಎಷ್ಟೇ ದೊಡ್ಡ ಪಂಡಿತರಾಗಿದ್ದರೂ ಹತ್ತನೆಯವನು ಬರುವವರೆಗೆ ಸತ್ತವರಿಗಾಗಿ ಹೇಳುವ ಕದ್ದಿಶ್ ಕೂಡ ಕಾಯಬೇಕು. 1948ರ ಹೊತ್ತಿಗೆ ಸುಮಾರು 20,000 ಇದ್ದ ಬೆನೆ ಇಸ್ರೇಲರಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೋದರು. ಉಳಿದ ಕೆಲವೇ ಸಾವಿರ ಮಂದಿಯಲ್ಲೂ ಅನೇಕರು ಠಾಣೆಯ ಕಡೆಗೆ ಸರಿದರು. ಹೀಗಾಗಿ ಹಳೆಯ ಪೇಟೆಯ ಸಿನಗಾಗಿನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಈ ಹುಡುಗ ಎಷ್ಟೋ ದಿನ ಹತ್ತನೆಯವನಾಗಿದ್ದ.

ಈ ಸಮುದಾಯಕ್ಕೂ ನಮ್ಮ ನಾಡಿಗೂ ಒಂದು ಎಳೆ ಇದೆ. ಮುಂಬಯಿಯ ಮೊದಲ ಸಿನಗಾಗನ್ನು 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್, ಟಿಪ್ಪುವಿನ ಸೆರೆಯಿಂದ ಬಿಡುಗಡೆಯಾಗಿ ಬಂದವನು. ಇವರು ಸಿನಗಾಗನ್ನು ಮಸೀದಿ ಎಂದೇ ಕರೆಯುತ್ತಿದ್ದರು. ನಾನು ಮೂವತ್ತು ವರ್ಷ ಇಳಿದು ಹತ್ತಿದ ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಯಹೂದಿಗಳ ಮಂದಿರದಿಂದ ಎಂದು ನನಗೆ ತಿಳಿಸಿದವನು ಈ ಪರದೇಶಿ ಹುಡುಗ!

ಮೊದಲ ತಿಂಗಳುಗಳಲ್ಲಿ ಅವನಿಗೆ ಇದು ತನ್ನವರ ಮನೆ ಎನ್ನಿಸಿರಲಿಲ್ಲ. ಅವನ ಮುತ್ತಜ್ಜ ಪೋಲೆಂಡಿನವರು. ಇಲ್ಲಿ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ ಬೆರೆಸಿ ಹಣ್ಣುಗಳೊಂದಿಗೆ ಇಡುವ ಮಲಿದಾ ಅವನಿಗೆ ಯಹೂದಿ ಆಚರಣೆಯಾಗಿಯೇ ಕಂಡಿರಲಿಲ್ಲ. (ನನಗೋ ಅದು ನಮ್ಮ ಸಿಹಿ ಅವಲಕ್ಕಿ.) ತಿದ್ದಲು ಹೊರಟಿದ್ದನೆಂದು ಕಾಣುತ್ತದೆ, ಅಷ್ಟರಲ್ಲಿ ಒಬ್ಬ ಹಿರಿಯರು, "ಎಲಿಯಾಹುವಿಗೆ ನಿಮ್ಮ ಮನೆಯಲ್ಲಿ ಏನನ್ನೂ ಇಡುವುದಿಲ್ಲವೇ, ಪಾಪ" ಎಂದು ಮರುಕಪಟ್ಟರಂತೆ. ಕಲಿಸಲು ಬಂದವನು ಅಂದಿನಿಂದ ಬಾಯಿ ಮುಚ್ಚಿಕೊಂಡು ಕೂತ.

ನಾವು ಸ್ವಯಂಸೇವಕರನ್ನು ಅಳೆಯುವುದು ಅವರ ಕೈಕೆಲಸದಿಂದ. ಭಾನುವಾರದ ನಮ್ಮ ಕನ್ನಡ ತರಗತಿಗೂ ಹೊಸ ಯೋಜನೆ ಹೊತ್ತು ತರುವವರಿಗೆ ಕೊರತೆಯಿಲ್ಲ, ಆದರೆ ನಾಲ್ಕನೆಯ ಭಾನುವಾರ ಅವರು ಕಾಣಿಸುವುದಿಲ್ಲ. ಬರದೇ ಹೋದರೆ ಯಾರದೋ ಕೆಲಸ ನಿಲ್ಲುತ್ತದೆ ಎಂದಾಗ ಮಾತ್ರ ಒಬ್ಬ ಮನುಷ್ಯ ಆ ಜಾಗದವನಾಗುತ್ತಾನೆ ಎಂಬುದು ನನ್ನ ಅನಿಸಿಕೆ.

ಆದರೂ ಈ ಲೆಕ್ಕವನ್ನು ಪೂರ್ತಿ ಒಪ್ಪಲು ನನಗೆ ಕಷ್ಟ. ಅವನ ಜೊತೆಗೇ ಬಂದಿದ್ದ ಹುಡುಗಿ ಮರಾಠಿ ಕಲಿತು, ಅವನಿಗಿಂತ ಚೆನ್ನಾಗಿ ಪಾಠ ಮಾಡಿ, ವಯಸ್ಸಾದವರ ಮನೆಮನೆಗೆ ಹೋಗಿ ಬರುತ್ತಿದ್ದಳು. ಒಂಬತ್ತು ಗಂಡಸರು ಬಾಗಿಲ ಕಡೆ ನೋಡುತ್ತಿದ್ದ ಬೆಳಿಗ್ಗೆಗಳಲ್ಲಿ ಅವಳು ಒಳಗೇ ಕೂತಿದ್ದರೂ ಸಂಖ್ಯೆ ಒಂಬತ್ತೇ. ಇದನ್ನು ಅವನೂ ಒಪ್ಪಿಕೊಂಡ, ಸ್ವಲ್ಪ ತಡವಾಗಿ.

ಮೊನ್ನೆ ಅವನ ಪತ್ರ ಬಂತು. ಟೊರೊಂಟೊದ ಅವನ ಸಿನಗಾಗಿನಲ್ಲಿ ಶನಿವಾರ ಇನ್ನೂರು ಜನ ಸೇರುತ್ತಾರಂತೆ. ತಾನು ಹೋಗುವುದು ಅಪರೂಪ ಎಂದು ಬರೆದಿದ್ದಾನೆ.